ತೆರೆದ ಕಣ್ಣಿನ ಹೆಣ

ಉಂಗುರದಕ್ಕ ಹೆಣದಣ್ಣನನ್ನು ಮೊದಲ ಸಲ ನೋಡಿದ್ದು ಸಿನಿಮಾ ಸೆಟ್ಟಿನ ಬಟ್ಟೆ ಶೆಡ್ಡಿನ ನೆಲದ ಮೇಲೆ, ಹುಲ್ಲು ತುಂಬಿದ ಬೊಂಬೆ ಹೆಣಗಳ ಸಾಲಿನಲ್ಲಿ. ಬೆಳಗಿನ ಹೊತ್ತು. ತಗಡಿನ ಮಾಡಿನ ಸಂದುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು, ಗೋಡೆಗೆ ಒರಗಿಸಿದ್ದ ಈಟಿಗಳ ಮೇಲೆ ಬಿದ್ದಿತ್ತು. ಅವಳ ಹೆಗಲ ಮೇಲೆ ಆಗಷ್ಟೇ ಮುಗಿದ ಕಬ್ಬಿಣದ ಬಲೆಯಂಗಿ ಇತ್ತು. ತಂತಿಯ ಪುಟ್ಟ ಪುಟ್ಟ ಉಂಗುರಗಳನ್ನು ಇಕ್ಕಳದಲ್ಲಿ ಒಂದಕ್ಕೊಂದು ಕೋದು ಹೆಣೆದದ್ದು. ಹಳೆಯ ಕಾಲದ ಸೈನಿಕನ ಮೈಮೇಲೆ ಕತ್ತಿಯ ಏಟು ತಾಗದಿರಲೆಂದು ಹಾಕುತ್ತಿದ್ದ ಅಂಗಿ. ಗೋಡೆಯ ಗೂಟಗಳೆಲ್ಲ ತುಂಬಿದ್ದರಿಂದ, ಮೈಮೇಲೆ ಅದು ಹೇಗೆ ಕೂರುತ್ತದೆ ಎಂದು ನೋಡುವ ನೆಪವೂ ಸೇರಿ, ಕೊನೆಯ ಬೊಂಬೆಯ ಮೇಲೆ ಅದನ್ನು ಹರಡಿದಳು. ಕೊರಳಿನ ಬಳಿ ಎಳೆದಳು. ಬೊಂಬೆಯ ಕೈ ಎತ್ತಿ ಪಕ್ಕಕ್ಕೆ ಇಟ್ಟಳು. ಕಣ್ಣು ತೆರೆದೇ ಇತ್ತು. ಎಷ್ಟು ಚೆನ್ನಾಗಿ ಬಣ್ಣ ಬಳಿದಿದ್ದಾರಪ್ಪ ಅಂದುಕೊಂಡಳು. ನೊಣವೊಂದು ಬಂದು ರೆಪ್ಪೆಯ ಮೇಲೆ ಕುಳಿತು, ನಿಧಾನಕ್ಕೆ ನಡೆದು ಮೂಗಿನ ಮೇಲೆ ಹೋಯಿತು.

ಆಗ ಬೊಂಬೆ ಮೆಲ್ಲಗೆ ಹೇಳಿತು: "ಅಕ್ಕ, ಸ್ವಲ್ಪ ಭಾರ ಆಯ್ತು."

ಅವಳು ಕಿರುಚಿದ್ದಕ್ಕೆ ಹೊರಗೆ ಕಟ್ಟಿದ್ದ ಕುದುರೆಗಳು ಕಾಲು ಬಡಿದವು. ಕೈಯಲ್ಲಿದ್ದ ಇಕ್ಕಳ ಅವಳ ಕಾಲಿನ ಮೇಲೇ ಬಿತ್ತು. ಆ ಮನುಷ್ಯ ಅಂಗಿಯನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ ಎದ್ದು ಕುಳಿತ. ಗಿಡ್ಡ ಆಳು, ಅಗಲವಾದ ಹಣೆ, ಕುಳಿಬಿದ್ದ ಕೆನ್ನೆ, ನಡುವಯಸ್ಸು.

"ಅಯ್ಯೋ ನಿನ್ನ! ಹೀಗೆ ಮಾತಾಡಿ ಜನರ ಜೀವ ತೆಗೀತೀಯಾ?" ಎಂದಳು, ಕಾಲು ಉಜ್ಜಿಕೊಳ್ಳುತ್ತ.

"ಜೀವ ತೆಗೆಯೋದು ಬೇರೆಯವರ ಕೆಲಸ ಅಕ್ಕ. ಕಳ್ಕೊಳ್ಳೋದು ಮಾತ್ರ ನಂದು."

ನಿರ್ದೇಶಕ ಹಿಂದಿನ ದಿನ ಹೆಣದ ಪಾತ್ರದ ಇಬ್ಬರನ್ನು "ನೀವು ಸತ್ತಿಲ್ಲ, ದಣಿವಾರಿಸಿಕೊಳ್ಳುತ್ತಿದ್ದೀರಿ" ಎಂದು ವಾಪಸು ಕಳಿಸಿದ್ದನಂತೆ. ಹಾಗಾಗಿ ಬೊಂಬೆಗಳ ನಡುವೆ ಮಲಗಿದರೆ ತನ್ನನ್ನು ಯಾರಾದರೂ ಗುರುತು ಹಿಡಿಯುತ್ತಾರೋ ಎಂದು ಪರೀಕ್ಷೆ ಮಾಡುತ್ತಿದ್ದೆ ಎಂದ. ತಾನು ಗೆದ್ದದ್ದಕ್ಕೆ ಅವನ ಮುಖದಲ್ಲಿ ಖುಷಿ ಇತ್ತು. ಆಮೇಲೆ ಅವಳ ಕಾಲಿಗೆ ತಣ್ಣೀರು ಬಟ್ಟೆ ಕಟ್ಟಿದವನೂ ಅವನೇ.

ಹುಟ್ಟಿನ ಹೆಸರು ಹಾಜರಿಗೆ ಮಾತ್ರ. ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಅವನು ಹೆಣದಣ್ಣ. ಅಪ್ಪ ಹೆಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುತ್ತಿದ್ದವನು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದಮೇಲೆ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ತಮ್ಮನನ್ನು ಇವನೇ ಸಾಕಿದ. ಸಿನಿಮಾ ಸೆಟ್ಟುಗಳಿಗೆ ಹಲಗೆ ಹೊರುವ ಕೆಲಸಕ್ಕೆ ಸೇರಿದ್ದ. ಒಂದು ದಿನ ಯುದ್ಧದ ದೃಶ್ಯಕ್ಕೆ ಒಬ್ಬ ಆಳು ಕಡಿಮೆ ಬಿದ್ದ, ಇವನನ್ನು ಎಳೆದುಕೊಂಡು ಹೋಗಿ ಮಲಗಿಸಿದರು. ಅಂದಿನಿಂದ ಕತ್ತಿಗೆ, ಬಾಣಕ್ಕೆ, ವಿಷಕ್ಕೆ, ಹಸಿವಿಗೆ ಸಾಯುತ್ತಲೇ ಬಂದಿದ್ದ. ಒಂದು ಸಿನಿಮಾದಲ್ಲಿ ಬೆಳಿಗ್ಗೆ ಮೀಸೆ ಇಟ್ಟುಕೊಂಡು ರಾಜನ ಕಡೆ ಸತ್ತು, ಮಧ್ಯಾಹ್ನ ಮೀಸೆ ತೆಗೆದು ಶತ್ರುಗಳ ಕಡೆ ಸತ್ತಿದ್ದ. "ಎರಡೂ ಕಡೆಯವರು ನನಗಾಗಿ ಅತ್ತಿದಾರೆ. ಅಂಥ ಪುಣ್ಯ ಯಾರಿಗುಂಟು?" ಎನ್ನುತ್ತಿದ್ದ.

ಅವನ ಕೈಕೆಳಗೆ ಹೀಗೆ ಸತ್ತು ಬೀಳುವವರ ಒಂದು ತಂಡವೇ ಇತ್ತು. ಅವರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠ ಕಣ್ಣಿನದು. ಸಾಯಿ ಅಂದರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಅದು ನಿದ್ದೆ. ಸತ್ತವನಿಗೆ ಕಣ್ಣು ಮುಚ್ಚಿಕೊಳ್ಳಲು ಪುರುಸೊತ್ತು ಎಲ್ಲಿರುತ್ತದೆ? ಅವನು ಕಣ್ಣು ಬಿಟ್ಟುಕೊಂಡೇ, ರೆಪ್ಪೆ ಬಡಿಯದೆ, ಎಲ್ಲರಿಗಿಂತ ಹೆಚ್ಚು ಹೊತ್ತು ಬಿದ್ದಿರಬಲ್ಲವನಾಗಿದ್ದ. ಎರಡನೆಯ ಪಾಠ ಇನ್ನೂ ಕಟ್ಟುನಿಟ್ಟು: "ಕಟ್ ಅನ್ನೋವರೆಗೂ ಹೆಣ ಹೆಣವೇ. ಇರುವೆ ಕಚ್ಚಲಿ, ಕುದುರೆ ತುಳೀಲಿ. ಒಬ್ಬ ಅಲ್ಲಾಡಿದ್ರೆ ಅಷ್ಟೂ ಜನದ ದಿನ ಹಾಳು." ಕೆಮ್ಮಿದ ಒಬ್ಬನನ್ನು ತಂಡದಿಂದ ಆಚೆ ಹಾಕಿದ್ದ. ಅವನು ಕಾಲು ಹಿಡಿದರೂ ಒಳಗೆ ಸೇರಿಸಲಿಲ್ಲ.

ಮನೆಗಳಿಗೆ ಸುಣ್ಣ ಬಣ್ಣ ಬಳಿಯುವುದು ತಮ್ಮನ ಕೆಲಸವಾಗಿತ್ತು. ಆ ಕೆಲಸ ಕುಂಟತೊಡಗಿದಾಗ ಅಣ್ಣ ಅವನನ್ನೂ ಈ ಕಸುಬಿಗೆ ಇಳಿಸಿದ. ತಮ್ಮನಿಗೆ ತೆರೆದ ಕಣ್ಣು ಒಗ್ಗಲಿಲ್ಲ, ನೀರು ಬರುತ್ತಿತ್ತು. ಬದಲಿಗೆ ಅವನಿಗೆ ಬೆರಳಿನ ವಿದ್ಯೆ ಒಲಿದಿತ್ತು. ಬಿದ್ದಮೇಲೆ, ಮೈಯೆಲ್ಲ ಸತ್ತಮೇಲೆ, ಒಂದು ಕೈಯ ಬೆರಳುಗಳು ಮಾತ್ರ ಏನನ್ನೋ ಹಿಡಿಯಲು ಹೋದಂತೆ ಮೆಲ್ಲಗೆ ತೆರೆದು, ಮುಚ್ಚಿ, ಮತ್ತೆ ತೆರೆದು ನಿಲ್ಲುತ್ತಿದ್ದವು. ಅಣ್ಣನೇ ಅದನ್ನು ತಿದ್ದಿ ತೀಡಿ ಕಲಿಸಿದ್ದು. "ಅವಸರ ಬೇಡ. ಜೀವಕ್ಕೆ ಹೋಗೋಕೆ ಮನಸ್ಸಿಲ್ಲ ಅನ್ನೋ ಹಾಗೆ ಇರಲಿ" ಎಂದು ಊಟದ ಮೇಜಿನ ಮೇಲೆ ಕೈ ಇಡಿಸಿ ಅಭ್ಯಾಸ ಮಾಡಿಸುತ್ತಿದ್ದ. ಹೆಣದಣ್ಣ ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಅವನ ಮಂಚ. ತಮ್ಮ, ತಮ್ಮನ ಹೆಂಡತಿ, ಅವರ ಪುಟ್ಟ ಮಗಳು, ಇಷ್ಟೇ ಅವನ ಸಂಸಾರ.

ಅದು ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದ ಕಥೆಯ ಸಿನಿಮಾ. ನಿರ್ದೇಶಕ ಮೆಲುದನಿಯ ಮನುಷ್ಯ, ಯಾರನ್ನೂ ಗದರಿದವನಲ್ಲ. ಆದರೆ ಸುಳ್ಳು ಕಂಡರೆ ಊಟ ಬಿಡುತ್ತಿದ್ದ. ಆ ಕಾಲದಲ್ಲಿ ಇರಲಿಲ್ಲವೆಂದು ಅಂಗಿಗಳ ಗುಂಡಿಗಳನ್ನೆಲ್ಲ ಕೀಳಿಸಿ ದಾರ ಕಟ್ಟಿಸಿದ. ನಟರ ಹಲ್ಲಿಗೆ ಕರೆ ಬಳಿಸಿದ. ಗಡಿಯಾರ ಕಟ್ಟಿ ಕಟ್ಟಿ ಬೆಳ್ಳಗಾದ ಮಣಿಕಟ್ಟುಗಳಿಗೆ ಮಣ್ಣು ಮೆತ್ತಿಸಿದ. ಪಕ್ಕದಲ್ಲಿ ಇತಿಹಾಸದ ಮೇಷ್ಟ್ರು ಒಬ್ಬರು ಸದಾ ಮಡಚುವ ಕುರ್ಚಿಯ ಮೇಲೆ ಕುಳಿತಿರುತ್ತಿದ್ದರು. ಅವರು ತಲೆ ಅಲ್ಲಾಡಿಸಿದರೆ ಕಟ್ಟಿದ ಗೋಡೆಯೂ ಕೆಡವಬೇಕಾಗುತ್ತಿತ್ತು. ಅಡುಗೆಯವನು ಗೊಣಗುತ್ತಿದ್ದ: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಗಂಜಿ ಕುಡಿಯೋಕೆ ಲೋಟ ಇಲ್ಲ, ಇವರಿಗೆ ಆ ಕಾಲದ ಬಟ್ಟಲು ಬೇಕಂತೆ."

ಬಲೆಯಂಗಿಯನ್ನು ಎಲ್ಲ ಸಿನಿಮಾಗಳಲ್ಲೂ ದಪ್ಪ ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆಯುತ್ತಾರೆ. ಉಂಗುರದಕ್ಕನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದಳು. ಈ ನಿರ್ದೇಶಕ ಕಬ್ಬಿಣದ್ದೇ ಬೇಕು ಎಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಬೆರಳ ತುದಿ ಒಡೆದು, ರಾತ್ರಿ ಅನ್ನ ಕಲಸಲೂ ಆಗದಂತಾದರೂ ಬಿಡಲಿಲ್ಲ. ಅಂಗಿಗಳನ್ನು ಮರಳಿನ ಪೀಪಾಯಿಯಲ್ಲಿ ಉರುಳಿಸಿ ತುಕ್ಕು ಉಜ್ಜಿದಳು. ಜನ್ಮದಲ್ಲಿ ಒಂದು ಸಲ ನಿಜವಾದ ವಸ್ತು ಮಾಡಿದೆ ಎನಿಸಿತ್ತು.

ಕಂದಕದ ದೃಶ್ಯದ ಮಾತು ಬಂದಾಗ ಮಾತ್ರ ಅವಳ ಎದೆ ಅಳುಕಿತು. ಕೋಟೆಯ ಸುತ್ತಲಿನ ಕಂದಕ ಹೆಣಗಳಿಂದಲೇ ತುಂಬಿ, ಹಿಂದೆ ಬಂದವರು ಅವುಗಳ ಮೇಲೆ ಓಡಿ ಗೋಡೆ ಹತ್ತಿದರೆಂದು ಮೇಷ್ಟ್ರು ಎಲ್ಲೋ ಓದಿದ್ದರು. ನಿರ್ದೇಶಕ ಅದನ್ನು ಎಲ್ಲೂ ಕತ್ತರಿಸದೆ ಒಂದೇ ಉದ್ದ ಶಾಟಿನಲ್ಲಿ ತೆಗೆಯಬೇಕೆಂದಿದ್ದ. ತಳದಲ್ಲಿ ಪಾದ ಮುಳುಗುವಷ್ಟು ಕೆಸರು ನೀರು.

"ಸಾರ್, ಕಂದಕದಲ್ಲಿ ಬೀಳೋರಿಗಾದ್ರೂ ದಾರದ್ದು ಹೆಣೆದುಕೊಡ್ಲಾ?" ಎಂದು ಕೇಳಿದಳು.

"ದಾರ ನೀರು ಕುಡಿದು ಉಬ್ಬುತ್ತೆ ಅಕ್ಕ. ಕಬ್ಬಿಣ ಮೈಯನ್ನ ಕೆಳಗೆ ಎಳೆಯುತ್ತಲ್ಲ, ಆ ಎಳೆತ ಕಾಣ್ಬೇಕು ನನಗೆ. ನೀವು ಮಾಡಿದ್ದನ್ನ ನೀವೇ ಬೇಡ ಅಂತೀರಲ್ಲ" ಎಂದು ನಕ್ಕ.

ಅವಳು ಎರಡನೆಯ ಸಲ ಕೇಳಲಿಲ್ಲ. ತನ್ನ ಕಬ್ಬಿಣವನ್ನು ಮೂಲೆಗೆ ಹಾಕಿ ದಾರ ತೊಡಿಸಲು ಅವಳಿಗೂ ಮನಸ್ಸಿರಲಿಲ್ಲ.

ಅಳತೆ ನೋಡುವ ದಿನ ತಮ್ಮನ ಹೆಂಡತಿ ಗಂಡನಿಗೆ ಊಟದ ಡಬ್ಬಿ ತಂದಿದ್ದಳು. ಮೇಜಿನ ಮೇಲಿದ್ದ ಅಂಗಿಯನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ದೊಪ್ಪನೆ ಕೆಳಗಿಟ್ಟಳು.

"ಭಾವ, ಇದನ್ನ ಹಾಕ್ಕೊಂಡು ನೀರಲ್ಲಿ ಬಿದ್ರೆ ಇವರು ಏಳ್ತಾರಾ?"

"ನಿನ್ನ ಗಂಡ ಬೆಳಿಗ್ಗೆ ಹಾಸಿಗೆಯಿಂದ್ಲೇ ಏಳಲ್ಲ, ಕಬ್ಬಿಣದ ಮೇಲೆ ಯಾಕಮ್ಮ ತಪ್ಪು ಹೊರಿಸ್ತೀಯ?" ಎಂದ ಹೆಣದಣ್ಣ. ತಮ್ಮ ನಕ್ಕ. ಅವಳು ನಗಲಿಲ್ಲ.

"ತಮಾಷೆ ಬೇಡ ಭಾವ."

"ನೋಡಮ್ಮ, ಅವನು ನನ್ನ ಪಕ್ಕದಲ್ಲೇ ಬೀಳ್ತಾನೆ. ತೆರೆದ ಕಣ್ಣಿನ ಹೆಣ ನಾನು. ನನ್ನ ಕಣ್ಣು ಅವನ ಮೇಲೇ ಇರುತ್ತೆ. ಸಾಕಾ?"

ಅವಳು ಡಬ್ಬಿಯ ಮುಚ್ಚಳ ತೆರೆದು ಗಂಡನ ಮುಂದಿಟ್ಟಳು. ಸಾಕು ಎಂದೇ ಅದರ ಅರ್ಥ.

ಶೂಟಿಂಗ್ ದಿನ ಮೋಡ ಕವಿದಿತ್ತು. ನಿರ್ದೇಶಕನಿಗೆ ಬೇಕಾದದ್ದೂ ಅದೇ ಬೆಳಕು. ಕಳಚಿದ ಉಂಗುರ ಕೂಡಿಸಲು ಇಕ್ಕಳ ಹಿಡಿದು ಉಂಗುರದಕ್ಕ ನಿರ್ದೇಶಕನ ಡೇರೆಯಲ್ಲಿ, ಪುಟ್ಟ ಪರದೆಯ ಹಿಂದೆ ನಿಂತಿದ್ದಳು. ಕೊಂಬು ಕೂಗಿತು. ಸೈನಿಕರು ದಂಡೆಯಿಂದ ಕಂದಕಕ್ಕೆ ಉರುಳತೊಡಗಿದರು. ಕ್ಯಾಮೆರಾ ಮೆಲ್ಲಗೆ ಅವರ ಮೇಲೆ ಸರಿಯುತ್ತ ಬಂತು. ತಮ್ಮ ಬಿದ್ದ, ಅವನ ಬೆನ್ನ ಮೇಲೆ ಇನ್ನೊಬ್ಬ ಅಡ್ಡಡ್ಡ ಬಿದ್ದ. ಅಡ್ಡ ಬೀಳುವುದು ಲೆಕ್ಕದಲ್ಲಿ ಇರಲಿಲ್ಲ. ಆ ಇನ್ನೊಬ್ಬ ಕಾಲು ಜಾರಿ ಬಿದ್ದಿದ್ದ. ಆದರೂ ಬಿದ್ದಮೇಲೆ ಅವನೂ ಹೆಣವೇ, ಅವನೂ ಅಲುಗಲಿಲ್ಲ. ತಮ್ಮನ ಮುಖ ಅರ್ಧ ಕೆಸರಿನಲ್ಲಿತ್ತು. ಅವನಿಂದ ಒಂದು ಮೊಳ ದೂರದಲ್ಲಿ ಹೆಣದಣ್ಣ, ಕೆನ್ನೆ ಕೆಸರಿನ ದಿಬ್ಬಕ್ಕೆ ಕೊಟ್ಟು, ಕಣ್ಣು ತೆರೆದು ತಮ್ಮನ ಕಡೆಗೇ ನೋಡುತ್ತಿದ್ದ.

ತಮ್ಮನ ಕೈ ನೀರಿನಿಂದ ಹೊರಗಿತ್ತು. ಬೆರಳುಗಳು ತೆರೆದವು. ಮುಚ್ಚಿದವು. ಮತ್ತೆ ತೆರೆದವು.

"ಆ ಬೆರಳು ನೋಡಿ" ಎಂದು ನಿರ್ದೇಶಕ ಪಿಸುಗುಟ್ಟಿದ. ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಉಂಗುರದಕ್ಕನೂ ನೋಡಿದಳು. ಈ ಸಲ ಎಷ್ಟು ಚೆನ್ನಾಗಿ ಮಾಡುತ್ತಿದ್ದಾನೆ, ಎಷ್ಟು ಹೊತ್ತು ಮಾಡುತ್ತಿದ್ದಾನೆ ಅಂದುಕೊಂಡಳು. ಹಿಂದಿನ ಸಾಲಿನವರು ಅರಚುತ್ತ ಹೆಣಗಳ ನಡುವೆ ಕೆಸರಿನಲ್ಲಿ ಮರೆಮಾಡಿದ್ದ ಹಲಗೆ ತುಳಿದು ಓಡಿದರು. ಏಣಿಗಳು ಎದ್ದವು. ಕ್ಯಾಮೆರಾ ಗೋಡೆಯುದ್ದಕ್ಕೂ ಏರಿ, ಬಾವುಟ ಬೀಳುವುದನ್ನು ನೋಡಿ, ಮತ್ತೆ ಕಂದಕಕ್ಕೆ ಇಳಿದು ಬಂದು ನಿಂತಿತು. ಆಗ ಬೆರಳು ನಿಶ್ಚಲವಾಗಿತ್ತು.

"ಕಟ್."

ಹೆಣಗಳೆಲ್ಲ ಎದ್ದು ಉಗುಳಿ, ಬೈದು, ಮುಖ ಒರೆಸಿಕೊಂಡವು. ಹೆಣದಣ್ಣ ಮೊಣಕಾಲ ಮೇಲೆ ಕುಳಿತು ತಮ್ಮನ ಬೆನ್ನಿಗೆ ಹೊಡೆದ. "ಏಳೋ, ಸಾಕು. ಇವತ್ತು ನನ್ನನ್ನೂ ಮೀರಿಸಿಬಿಟ್ಟೆ." ಇನ್ನೊಂದು ಸಲ ಹೊಡೆದ. ಆಮೇಲೆ ಅವನ ದನಿ ಬದಲಾಯಿತು. ಉಂಗುರದಕ್ಕ ದಂಡೆಯಿಂದ ಜಾರಿಕೊಂಡೇ ಇಳಿದಳು. ಅಂಗಿ ತಲೆಯ ಮೇಲಿಂದ ತೆಗೆಯುವಂಥದ್ದು, ಒದ್ದೆಯಾಗಿ ಮೈಗೆ ಕಚ್ಚಿಕೊಂಡಿತ್ತು. ಅವಳು ಇಕ್ಕಳದಿಂದ ಒಂದೊಂದೇ ಉಂಗುರ ಬಿಡಿಸತೊಡಗಿದಳು. ಬಿಚ್ಚದಂತೆ ಬಿಗಿಯಾಗಿ ಕೂಡಿಸಿದ್ದವಳು ಅವಳೇ. ಎದೆ ಕಾಣುವಷ್ಟು ಬಿಡಿಸುವ ಹೊತ್ತಿಗೆ, ಅದರಿಂದ ಏನೂ ಉಪಯೋಗವಿರಲಿಲ್ಲ.

ಪೊಲೀಸರು ಬಂದು ಆಕಸ್ಮಿಕವೆಂದು ಬರೆದುಕೊಂಡು ಹೋದರು.

ಆ ಸಂಜೆ ಮುಂದಿನ ಕೋಣೆಯಲ್ಲಿ ತಮ್ಮನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. ಉಂಗುರದಕ್ಕ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಭಾವ, ನೀವು ನೋಡ್ಲಿಲ್ವಾ?"

ಹೆಣದಣ್ಣ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ. "ಬೀಳೋವಾಗ ತಿರುಗಿಬಿಟ್ಟೆ ಕಣಮ್ಮ. ನನ್ನ ಮುಖ ಆ ಕಡೆ ಇತ್ತು."

ಉಂಗುರದಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಅವನು ಅವಳ ಕಣ್ಣು ತಪ್ಪಿಸಿದ. ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ತನ್ನ ಕಬ್ಬಿಣದ ಮಾತೂ ಬರುತ್ತಿತ್ತು, ತಾನೂ ಡೇರೆಯಲ್ಲಿ ನಿಂತು ಮೆಚ್ಚಿದ್ದು ಬರುತ್ತಿತ್ತು. ತಮ್ಮನ ಹೆಂಡತಿ ಬಿಕ್ಕುತ್ತಲೇ, "ನೀವೊಬ್ರಾದ್ರೂ ಉಳಿದಿದೀರಲ್ಲ ನಮಗೆ" ಎಂದಳು. ಅವನು ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದ.

ಕೆಲವು ತಿಂಗಳ ಮೇಲೆ ನಿರ್ದೇಶಕ ಮನೆಗೆ ಬಂದ. ಸೊರಗಿಹೋಗಿದ್ದ. ಆ ಶಾಟನ್ನು ಇಟ್ಟುಕೊಳ್ಳಬೇಕೆಂದಿದ್ದೇನೆ, ಸಿನಿಮಾದ ಜೀವ ಅದರಲ್ಲೇ ಇದೆ, ಅವನ ನೆನಪಿಗೆ ಅರ್ಪಿಸುತ್ತೇನೆ, ಆದರೆ ನೀವು ಬೇಡವೆಂದರೆ ಮುಟ್ಟುವುದಿಲ್ಲ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ.

"ಬೇಡ ಸಾರ್" ಎಂದ ಹೆಣದಣ್ಣ, ಅವನ ಮಾತು ಮುಗಿಯುವ ಮೊದಲೇ. "ತೆಗೆದುಬಿಡಿ. ಸುಟ್ಟುಬಿಡಿ."

ತಮ್ಮನ ಹೆಂಡತಿ ಮಾತ್ರ ಹೇಳಿದಳು: "ನಾನು ನೋಡ್ಬೇಕು. ನೋಡಿ ಹೇಳ್ತೀನಿ."

"ಅದೆಲ್ಲ ನೋಡೋದಲ್ಲಮ್ಮ."

"ಕೊನೇಲಿ ಅವರು ಹೇಗಿದ್ರು ಅಂತ ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನೀವೂ ನೋಡಿಲ್ಲ ಅಂದಿರಿ. ಒಟ್ಟಿಗೆ ನೋಡೋಣ ಭಾವ."

ಅವನು ಮರುದಿನ ಉಂಗುರದಕ್ಕನ ಶೆಡ್ಡಿಗೆ ಬಂದು ತಂತಿಯ ಸುರುಳಿಯ ಮೇಲೆ ಕುಳಿತ.

"ಅಕ್ಕ, ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾಳೆ. ನೋಡ್ಬೇಡ ಅನ್ನಿ."

"ನೀನೇ ಮೊದಲು ಹೇಳಿಬಿಡೋ. ಪರದೆ ಮೇಲೆ ಕಾಣೋಕಿಂತ ನಿನ್ನ ಬಾಯಿಂದ ಬರಲಿ."

"ಹೇಳಿದ್ರೆ ಆ ಮನೇಲಿ ನನಗೆ ಜಾಗ ಇರುತ್ತಾ?"

"ಹೇಳದಿದ್ರೆ ಇರುತ್ತಾ?"

ಅವನು ನೆಲದ ಮೇಲಿನ ಉಂಗುರಗಳನ್ನು ಹೆಕ್ಕಿ ಹೆಕ್ಕಿ ಅವಳ ಡಬ್ಬಿಗೆ ಹಾಕಿದ. ಎದ್ದು ಹೋದ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ದಿನ ಬಂದುಬಿಟ್ಟಿತು.

ಎಡಿಟಿಂಗ್ ಕೋಣೆ ಇಕ್ಕಟ್ಟಾಗಿತ್ತು. ಕಿಟಕಿಗೆ ಕಪ್ಪು ಬಟ್ಟೆ, ಮೂರು ಕುರ್ಚಿ. ತಮ್ಮನ ಹೆಂಡತಿ ನಡುವೆ ಕುಳಿತಳು, ಉಂಗುರದಕ್ಕ ಅವಳ ಕೈ ಹಿಡಿದಿದ್ದಳು. ಹೆಣದಣ್ಣ ಕುಳಿತುಕೊಳ್ಳಲಿಲ್ಲ, ಗೋಡೆಗೆ ಅಂಟಿಕೊಂಡು ನಿಂತ. ನಿರ್ದೇಶಕ ಶಾಟು ಓಡಿಸಿದ. ಅವಳು ಅಳಲಿಲ್ಲ. ಗಂಡನ ಬೆರಳು ತೆರೆದು ಮುಚ್ಚಿದಾಗ ಅವಳ ಬೆರಳೂ ಉಂಗುರದಕ್ಕನ ಕೈಯಲ್ಲಿ ಹಾಗೇ ಆಡಿತು.

"ನಿಲ್ಸಿ" ಎಂದಳು. ಚಿತ್ರ ನಿಂತಿತು. ಅವಳು ಎದ್ದು ಪರದೆಯ ಹತ್ತಿರ ಹೋಗಿ ನೋಡಿದಳು. "ಭಾವ. ಇದು ನೀವೇ ಅಲ್ವಾ?"

ಹೆಣದಣ್ಣ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದ.

"ನಿಮ್ಮ ಕಣ್ಣು ಇವರ ಕಡೆ ಇದೆ."

"ಹೂಂ."

"ನೋಡ್ತಾ ಇದೀರಿ."

"ಚೆನ್ನಾಗಿ ಮಾಡ್ತಿದಾನೆ ಅಂದ್ಕೊಂಡೆ ಕಣಮ್ಮ" ಎಂದ ಹೆಣದಣ್ಣ. ದನಿ ಒಡೆದಿತ್ತು. "ನಾನು ಕಲಿಸಿದ್ದು ಅದು. ಹಾಗೇ ಮಾಡ್ತಿದ್ದ. ನಡುವೆ ಒಂದ್ಸಲ ಅನುಮಾನ ಬಂತು. ಕಟ್ ಅಂದಿರಲಿಲ್ಲ."

ಅವಳು ಬೈಯುತ್ತಾಳೆ, ಅವನ ಮೇಲೆ ಬೀಳುತ್ತಾಳೆ ಎಂದು ಉಂಗುರದಕ್ಕ ಎದ್ದು ನಿಂತಿದ್ದಳು. ಹಾಗೇನೂ ಆಗಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಿರ್ದೇಶಕನ ಕಡೆ ತಿರುಗಿದಳು.

"ನನ್ನ ಗಂಡನ್ನ ತೆಗೀರಿ. ಒಂದು ಉಗುರೂ ಕಾಣಬಾರದು. ಇವರನ್ನ ಇಟ್ಕೊಳ್ಳಿ. ಈ ಕಣ್ಣು ಜನ ನೋಡಲಿ."

ನಿರ್ದೇಶಕ ಹೆಣದಣ್ಣನ ಮುಖ ನೋಡಿದ. ಹೆಣದಣ್ಣ ತಲೆಯಾಡಿಸಿದ, ಆಗಲಿ ಎಂಬಂತೆ.

ಅಂದೇ ಅವನ ಮಂಚ ಅಂಗಳಕ್ಕೆ ಬಂತು. ಅವಳು ಹೊರಗೆ ಹಾಕಲಿಲ್ಲ, ಅವನೇ ಹೊತ್ತು ತಂದ. ಕೈಗಾಡಿಯ ಮೇಲೆ ಹೇರುವಾಗ ಪುಟ್ಟ ಮಗು ಬಾಗಿಲಿಗೆ ಬಂದು "ದೊಡ್ಡಪ್ಪ, ಎಲ್ಲಿಗೆ?" ಎಂದಿತು. ಅವಳು ಮಗುವಿನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕೈಗಾಡಿ ತಳ್ಳಲು ಉಂಗುರದಕ್ಕನೂ ಕೈ ಕೊಟ್ಟಳು.

ಸಿನಿಮಾ ಬಂತು. ನಿರ್ದೇಶಕ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಗೋಡೆ ಹತ್ತುವವರ ಕೂಗಿನ ನಡುವೆ ಕೆಸರಿನಲ್ಲಿ ಒಂದು ಮುಖ, ಪರದೆ ತುಂಬ, ಎರಡು ತೆರೆದ ಕಣ್ಣು, ಅಷ್ಟೇ. ಅದು ಏನನ್ನು ನೋಡುತ್ತಿದೆ ಎಂಬುದು ಕಾಣುವುದಿಲ್ಲ. ಜನ ಆ ಮುಖವನ್ನು ಬಾಯಿತುಂಬ ಹೊಗಳಿದರು. ಆ ಕಾಲದ ಯುದ್ಧವೆಂದರೆ ಹೀಗೇ ಇದ್ದಿರಬೇಕು ಎಂದರು. ಒಬ್ಬ ಪತ್ರಕರ್ತ, ಆ ಹೆಣದ ಕಣ್ಣಿನಲ್ಲಿ ಒಂದು ಕ್ಷಣ ಏನೋ ಅನುಮಾನ ಹಾದುಹೋಗುತ್ತದೆ, ಸಾವಿನ ಬಗ್ಗೆ ಇಷ್ಟು ಸತ್ಯವಾದ ನಟನೆ ನೋಡಿಲ್ಲ ಎಂದು ಬರೆದ. ಉಂಗುರದಕ್ಕ ಅದನ್ನು ಓದಿ ಕಾಗದವನ್ನು ಒಲೆಗೆ ಹಾಕಿದಳು. ಮೂವರು ನಿರ್ಮಾಪಕರು ಹೆಣದಣ್ಣನನ್ನು ಹುಡುಕಿಕೊಂಡು ಅವಳ ಶೆಡ್ಡಿಗೇ ಬಂದರು. ಎಲ್ಲಿದ್ದಾನೋ ಗೊತ್ತಿಲ್ಲ ಎಂದು ಸುಳ್ಳು ಹೇಳಿ ಕಳಿಸಿದಳು. ಅವಳ ಕೈಯಲ್ಲಿ ಆಗ ದಪ್ಪ ದಾರದ ಸೂಜಿ ಇತ್ತು. ಕಬ್ಬಿಣದ್ದು ಬೇಕೆಂದು ಯಾರೇ ಕೇಳಿದರೂ ತನಗೆ ಬರುವುದಿಲ್ಲ ಎನ್ನುತ್ತಾಳೆ.

ಹೆಣದಣ್ಣ ಈಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಬೆಳಗಿನ ಪಾಳಿ. ಹಾಜರಿಯಲ್ಲಿ ಅವನ ಹುಟ್ಟಿನ ಹೆಸರಿದೆ, ಅಲ್ಲಿ ಎಲ್ಲರೂ ಅದರಿಂದಲೇ ಕರೆಯುತ್ತಾರೆ.